ನಸ್ಸೌನಲ್ಲಿ ಇಳಿಯದೆ ಹಡಗಿನಲ್ಲೇ ಉಳಿದರೆ?
ಆರು ಮತ್ತು ಎರಡು ವರ್ಷದ ಮಕ್ಕಳನ್ನು ಕಟ್ಟಿಕೊಂಡು ಬಹಾಮಾಸ್‌ನ ರಾಜಧಾನಿ ನಸ್ಸೌನಲ್ಲಿ ಇಳಿಯದೆ ಡಿಸ್ನಿ ಡ್ರೀಮ್ ಪ್ರವಾಸಿ ಹಡಗಿನಲ್ಲೇ ಉಳಿದರೆ ನಷ್ಟವೇ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಲಾಭವೇ. ಜನ ಊರು ನೋಡಲು ಇಳಿದ ಮೇಲೆ ಹಡಗಿನ ಮೇಲಿನ ಆಕ್ವಾಡಕ್ ನೀರಿನ ಜಾರುಬಂಡಿಯ ಸಾಲು ಕರಗುತ್ತದೆ. ಮಧ್ಯಾಹ್ನದ ಮೇಲೆ ಒಬ್ಬೊಬ್ಬರೇ ವಾಪಸಾಗುತ್ತಾರೆ, ಹಾಗಾಗಿ ಬೆಳಿಗ್ಗೆಯೇ ಆಡಿಸಿಬಿಡಿ. ದೊಡ್ಡ ಮಗು 42 ಇಂಚು, ಅಂದರೆ ಸುಮಾರು 107 ಸೆಂ.ಮೀ. ಎತ್ತರ ಇರಲೇಬೇಕು, ಏಳು ತುಂಬಿಲ್ಲವಾದ್ದರಿಂದ 14 ಅಥವಾ ಅದಕ್ಕೆ ಮೇಲ್ಪಟ್ಟವರೊಬ್ಬರು ಜೊತೆಗೆ ಕೂರಬೇಕು.

ಚಿಕ್ಕದಕ್ಕೆ ಡೈಪರ್ ಬಿಟ್ಟಿಲ್ಲವೆಂದರೆ ಈಜುಕೊಳಕ್ಕೆ ಬಿಡುವುದಿಲ್ಲ, ಸ್ವಿಮ್ ಡೈಪರ್ ಹಾಕಿದ್ದರೂ ಅಷ್ಟೇ. ಅದಕ್ಕೆ ನೀಮೋಸ್ ರೀಫ್ ಎಂಬ ಪುಟ್ಟ ಮಕ್ಕಳ ನೀರಾಟದ ಜಾಗದ ಕಾರಂಜಿಗಳೇ ಗತಿ. ಮಕ್ಕಳಿಗೆ ಅದೇ ಹೆಚ್ಚು ಇಷ್ಟ, ಬಿಡಿ.

ಹಡಗು ಬಂದರಿನಲ್ಲಿರುವಷ್ಟು ಹೊತ್ತು ಒಳಗಿನ ಅಂಗಡಿಗಳು ಮುಚ್ಚಿರುತ್ತವೆ. ಗೊಂಬೆ, ಟೀ ಶರ್ಟ್ ಏನೇ ಇದ್ದರೂ ಹಿಂದಿನ ರಾತ್ರಿಯೇ ಕೊಂಡುಬಿಡಿ.