‘ಹೋಗಿ ಬನ್ನಿ’ ಅಂದೆ, ಬರೋ ದಾರಿಯೇ ಇರಲಿಲ್ಲ

ಬೀಜಿಂಗ್‌ನಲ್ಲಿ ಒಂದೇ ದಿನ ಸಿಗುತ್ತೆ, ಹೆಂಡತಿಗೆ ಮಹಾಗೋಡೆ ಬೇಕು, ನನಗೆ ಅರಮನೆ ಬೇಕು, ಬೇರೆ ಬೇರೆ ಹೋಗಿ ಸಂಜೆ ಹೋಟೆಲಲ್ಲಿ ಸೇರಿಕೊಂಡರೆ ಹೇಗೆ ಅಂತ ಕೇಳಿದ್ದೀರಿ. ಹಾಗೆ ಸಂಜೆ ಹೋಟೆಲಲ್ಲಿ ಸೇರಿಕೊಂಡವಳು ನಾನು. ಬೇಡ.

2019ರ ಏಪ್ರಿಲ್. ಇವರ ಆಫೀಸ್ ಕೆಲಸ ಶುಕ್ರವಾರಕ್ಕೆ ಮುಗಿದಿತ್ತು, ಭಾನುವಾರ ಬೆಳಗಿನ ಜಾವ ವಾಪಸ್ ವಿಮಾನ. ಮಧ್ಯೆ ಒಂದು ಶನಿವಾರ. ಬೆಳಿಗ್ಗೆ ಫರ್ಬಿಡನ್ ಸಿಟಿ (ನೀವು ಹೇಳೋ ಅರಮನೆ ಅದೇ), ಮಧ್ಯಾಹ್ನ ಟೆಂಪಲ್ ಆಫ್ ಹೆವನ್, ಹೊತ್ತು ಉಳಿದರೆ ಟ್ಯಾಕ್ಸಿ ಮಾಡಿಕೊಂಡು ಗೋಡೆ ಅಂತ ನಾನೇ ನೋಟ್‌ಬುಕ್ಕಲ್ಲಿ ಗೆರೆ ಹೊಡೆದು ಬರೆದಿದ್ದೆ. ‘ಹೊತ್ತು ಉಳಿದರೆ’ ಅಂತೆ! ಗೋಡೆ ಇರೋದು ಊರಾಚೆ 70 ಕಿಲೋಮೀಟರ್ ದೂರದಲ್ಲಿ.

ಟಿಕೆಟ್ ಬುಕ್ ಮಾಡಿದ್ದೂ ನಾನೇ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲ ಕೆಟ್ಟಿದ್ದು ಇಲ್ಲೇ. ಅಲ್ಲಿ ಟಿಕೆಟ್ ಅನ್ನೋ ಕಾಗದ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಬುಕ್ ಮಾಡುವಾಗ ಹೆಸರು, ಪಾಸ್‌ಪೋರ್ಟ್ ನಂಬರ್ ಕೊಡಬೇಕು. ಬಾಗಿಲಲ್ಲಿ ಪಾಸ್‌ಪೋರ್ಟ್ ಇಟ್ಟರೆ ಮಷಿನ್ ನಂಬರ್ ಓದಿ ಒಳಗೆ ಬಿಡುತ್ತೆ. ನನ್ನ ಹಳೇ ಪಾಸ್‌ಪೋರ್ಟಿನ ಅವಧಿ ಮುಗೀತಾ ಬಂದಿತ್ತು ಅಂತ ಆ ಫೆಬ್ರವರಿಯಲ್ಲಿ ಹೊಸದು ಮಾಡಿಸಿದ್ದೆ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್. ವೀಸಾ ಅರ್ಜಿಯಲ್ಲಿ ಹೊಸದನ್ನೇ ಬರೆದೆ, ಪುಸ್ತಕ ಎದುರಿಗೇ ಇತ್ತು. ವಿಮಾನದ ಟಿಕೆಟ್ ಇವರು ಮಾಡಿದ್ದು, ಅದೂ ಸರಿ. ಅರಮನೆ ಟಿಕೆಟ್ ಮಾತ್ರ ರಾತ್ರಿ ಪಾತ್ರೆ ತೊಳೆದು ಬಂದು, ಮಂಚದ ಮೇಲೆ ಕೂತು, ಫೋನಲ್ಲಿ ಮಾಡಿದೆ. ಪಾಸ್‌ಪೋರ್ಟ್ ಪಕ್ಕದ ರೂಮಿನ ಬೀರುವಲ್ಲಿತ್ತು. ಎದ್ದು ಹೋಗಬೇಕಾಗಿದ್ದು ಹತ್ತು ಹೆಜ್ಜೆ. ಆದರೆ ಹತ್ತು ವರ್ಷ ಎಲ್ಲ ಫಾರಮ್ಮಿಗೂ ಬರೆದೂ ಬರೆದೂ ಒಂದು ಅಕ್ಷರ, ಏಳು ಅಂಕಿ ನನಗೆ ಮಗ್ಗಿ ಥರ ಬಾಯಿಪಾಠ. ಬೆರಳು ತಾನಾಗೇ ಹೊಡೀತು. ಹಳೇ ನಂಬರ್.

ಹಳೇ ಪಾಸ್‌ಪೋರ್ಟನ್ನ ಹೊಸದಕ್ಕೆ ಸ್ಟೇಪಲ್ ಮಾಡಿಕೊಂಡು ತಿರುಗುವವರು ಇರ್ತಾರಲ್ಲ, ಹಾಗೆ ಮಾಡಿದ್ದರೂ ತೋರಿಸಿ ಕೇಳಬಹುದಿತ್ತೇನೋ. ಅದರಲ್ಲಿ ವೀಸಾ ಏನೂ ಇಲ್ಲವಲ್ಲ ಅಂತ ಬೆಂಗಳೂರಲ್ಲೇ ಸೀರೆ ಕೆಳಗೆ ಇಟ್ಟು ಬಂದಿದ್ದೆ.

ವುಮೆನ್ ಅಂತ ಅರಮನೆಯ ದಕ್ಷಿಣದ ಬಾಗಿಲು. ಮೂರು ಕಡೆಯಿಂದ ಕೆಂಪು ಗೋಡೆ ತೋಳು ಚಾಚಿ ನಿಂತಿರುತ್ತೆ, ನಡುವೆ ನಾವು ಇರುವೆಗಳು. ಇವರ ಪಾಸ್‌ಪೋರ್ಟ್ ಇಟ್ಟ ತಕ್ಷಣ ಗೇಟು ತೆಗೀತು. ನನ್ನದು ಇಟ್ಟರೆ ಕೀಂ ಅಂತು. ಒರೆಸಿ ಇಟ್ಟೆ, ಮತ್ತೆ ಕೀಂ. ಅಲ್ಲಿದ್ದ ಹುಡುಗಿ ಪಾಪ, ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರಿಸಿದಳು: ಈ ನಂಬರಿಗೆ ಟಿಕೆಟ್ ಇಲ್ಲ, ಇವತ್ತಿನದು ಮುಗಿದಿದೆ. ಅವಳ ತಪ್ಪೇನೂ ಇಲ್ಲ. ಹಿಂದೆ ಸಾವಿರ ಜನ.

ಇವರು ಆಗಲೇ ಗೇಟಿನ ಆಚೆ ಇದ್ದರು. ‘ಬಂದುಬಿಡ್ಲಾ?’ ಅಂದರು. ಅರವತ್ತು ಯುವಾನ್ ಕೊಟ್ಟಿದ್ದೀವಿ, ಇಷ್ಟು ದೂರ ಬಂದಿದ್ದೀವಿ, ನನ್ನ ತಪ್ಪಿಗೆ ಅವರಿಗ್ಯಾಕೆ ಶಿಕ್ಷೆ ಅಂತ, ನಾನು ಹುಟ್ಟಿದಾಗಿಂದ ಹೇಳ್ತಾ ಬಂದಿರೋ ಮಾತು ಬಾಯಿಗೆ ಬಂತು. ‘ಪರವಾಗಿಲ್ಲ, ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ.’

ನಂಬರ್ ತಪ್ಪಾಗಿದ್ದಕ್ಕೆ ನಾನು ಅಷ್ಟು ಬೇಜಾರು ಮಾಡಿಕೊಂಡಿಲ್ಲ. ಈ ಮಾತಿಗೆ ಮಾಡಿಕೊಂಡಿದ್ದೀನಿ. ನಮ್ಮಲ್ಲಿ ಯಾರಾದರೂ ಹೊರಟರೆ ‘ಹೋಗಿ’ ಅನ್ನಲ್ಲ, ‘ಹೋಗಿ ಬನ್ನಿ’ ಅಂತೀವಿ. ಆ ಅರಮನೆಗೆ ಹೋಗೋದು ಇದೆ, ಬರೋದು ಇಲ್ಲ. 2011ರಿಂದ ಅಲ್ಲಿ ಒನ್‌ವೇ. ದಕ್ಷಿಣದಲ್ಲಿ ಹೊಕ್ಕರೆ ಉತ್ತರದ ಶೆನ್‌ವುಮೆನ್ ಬಾಗಿಲಲ್ಲಿ ಹೊರಗೆ, ಇಲ್ಲಾಂದ್ರೆ ಪೂರ್ವದ ದೊಂಗ್‌ಹುವಾಮೆನ್. ಹೊಕ್ಕಲ್ಲೇ ವಾಪಸ್ ಬರೋ ಹಾಗಿಲ್ಲ. ಉದ್ದ 961 ಮೀಟರ್, ಅಗಲ 753, ಸುತ್ತ ಹತ್ತು ಮೀಟರ್ ಎತ್ತರದ ಗೋಡೆ, ಅದರಾಚೆ 52 ಮೀಟರ್ ಅಗಲದ ಕಂದಕ. ಚಕ್ರವರ್ತಿಯನ್ನ ಜನರಿಂದ ದೂರ ಇಡೋಕೆ 1420ರಲ್ಲಿ ಕಟ್ಟಿ ಮುಗಿಸಿದ್ದು, ಆರುನೂರು ವರ್ಷ ಆದಮೇಲೂ ಚೆನ್ನಾಗೇ ಕೆಲಸ ಮಾಡ್ತಿದೆ.

ಇಬ್ಬರಿಗೂ ಸೇರಿ ಒಂದೇ ಲೋಕಲ್ ಸಿಮ್, ಅದು ಇವರ ಫೋನಲ್ಲಿ. ನನ್ನದು ಕ್ಯಾಮೆರಾ ಮಾತ್ರ. ವಾಟ್ಸಾಪ್ ಅಲ್ಲಿ ಹೇಗೂ ನಡೆಯಲ್ಲ.

ಕೂತೆ. ಏಪ್ರಿಲಲ್ಲಿ ಬೀಜಿಂಗ್ ತುಂಬ ಪಾಪ್ಲರ್, ವಿಲ್ಲೋ ಮರಗಳ ಹತ್ತಿ ಹಾರ್ತಾ ಇರುತ್ತೆ, ಥೇಟ್ ನಮ್ಮ ಬೂರುಗದ ಅರಳೆ. ಮೂಗಿಗೆ, ರೆಪ್ಪೆಗೆ, ಕಾಟನ್ ದುಪಟ್ಟಾಕ್ಕೆ ಎಲ್ಲ ಅಂಟಿಕೊಳ್ತಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಚೀಲದಿಂದ ಸೌತೆಕಾಯಿ ತೆಗೆದು ಕಟಕ್ ಅಂತ ಎರಡು ತುಂಡು ಮಾಡಿ, ದೊಡ್ಡ ತುಂಡನ್ನ ನನ್ನ ಕೈಗಿಟ್ಟಳು. ಉಪ್ಪಿಲ್ಲ, ಖಾರ ಇಲ್ಲ. ಆ ದಿನ ನನಗಾದ ಒಂದೇ ಒಂದು ಒಳ್ಳೇದು ಅದು. ಅವಳ ಮೊಮ್ಮಗ ಬಂದ, ಇಬ್ಬರೂ ಹೋದರು.

ಎರಡು ಗಂಟೆ ಕಳೀತು. ಗಾರ್ಡ್ ಹತ್ತಿರ ಹೋಗಿ ಉಂಗುರ ತೋರಿಸಿ, ಒಳಗೆ ಕೈ ತೋರಿಸಿ, ವಾಚ್ ತೋರಿಸಿದೆ. ಆತ ಕೈ ಎತ್ತಿ ಅರಮನೆಯ ತಲೆ ಮೇಲಿಂದ ಆಚೆಗೆ ಒಂದು ದೊಡ್ಡ ಕಮಾನು ಬರೆದ. ಆಗ ಅರ್ಥ ಆಯ್ತು, ಹೊಟ್ಟೆಯಲ್ಲಿ ಸೌತೆಕಾಯಿ ಕಲ್ಲಾಯ್ತು.

ಅಲ್ಲೇ ಇರಬೇಕಿತ್ತು. ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಿಗೆ ನಾವೇ ಹೇಳ್ತೀವಿ, ಇದ್ದಲ್ಲೇ ಇರು ಅಂತ. ನಾನು ಎದ್ದು ಪೂರ್ವದ ಕಡೆಯಿಂದ ಕಂದಕದ ಗುಂಟ ಉತ್ತರಕ್ಕೆ ಹೊರಟೆ. ಗಾಳ ಹಾಕಿಕೊಂಡು ಕೂತ ಮುದುಕರು, ಮೂಲೆಯ ಗೋಪುರ, ಫೋಟೋ ತೆಗೆಸಿಕೊಳ್ಳೋ ರಾಣಿ ವೇಷದ ಹುಡುಗಿಯರು, ಎಲ್ಲ ದಾಟಿಕೊಂಡು. ಅದೇ ಹೊತ್ತಿಗೆ ಇವರು ಉತ್ತರದ ಬಾಗಿಲಲ್ಲಿ ಹೊರಬಿದ್ದು, ನಾನು ದಕ್ಷಿಣದಲ್ಲೇ ಕೂತಿದ್ದೀನಿ ಅಂತ ಪಶ್ಚಿಮದ ರಸ್ತೆ ಹಿಡಿದು ಓಡ್ತಾ ಇದ್ದರು. ಅವರು ಅರಮನೆ ಮುಂದಿನ ತಿಯಾನನ್‌ಮೆನ್ ಸೆಕ್ಯುರಿಟಿ ಸಾಲಲ್ಲಿ ಮತ್ತೆ ನಿಂತು ವುಮೆನ್ ಮುಟ್ಟುವಾಗ ನಾನು ಶೆನ್‌ವುಮೆನ್ ಎದುರು ಪ್ರತಿ ಗಂಡಸಿನ ಮುಖ ನೋಡ್ತಾ ನಿಂತಿದ್ದೆ. ಮಧ್ಯೆ ಇಡೀ ಅರಮನೆ.

ಒಬ್ಬ ಕಾಲೇಜು ಹುಡುಗ ಇಂಗ್ಲಿಷಲ್ಲಿ ಮಾತಾಡಿ ಫೋನ್ ಮಾಡಿಕೊಡ್ತೀನಿ ಅಂದ. ಇವರ ಆ ಹೊಸ ಸಿಮ್ಮಿನ ನಂಬರ್ ನನಗೆ ಗೊತ್ತಿರಲಿಲ್ಲ. ರದ್ದಾದ ಪಾಸ್‌ಪೋರ್ಟಿನ ನಂಬರ್ ಬೇಕಾದರೆ ಹೇಳಬಹುದಿತ್ತು.

ಎತ್ತರದಿಂದ ಕಾಣಬಹುದು ಅನ್ನೋ ಹುಚ್ಚಿಗೆ ರಸ್ತೆ ದಾಟಿ ಜಿಂಗ್‌ಶಾನ್ ಗುಡ್ಡ ಹತ್ತಿದೆ, ಟಿಕೆಟ್ ಎರಡೇ ಯುವಾನ್. ನಾನು ಆಗಷ್ಟೇ ಸುತ್ತಿ ಬಂದ ಕಂದಕವನ್ನ ತೋಡಿದ ಮಣ್ಣನ್ನೇ ರಾಶಿ ಹಾಕಿ ಮಾಡಿದ ಗುಡ್ಡ ಅದು. ಮೇಲಿಂದ ಅರಮನೆ ಪೂರ್ತಿ ಕಾಣುತ್ತೆ, ಹಳದಿ ಹೆಂಚಿನ ಮೇಲೆ ಹೆಂಚು, ಒಣಹಾಕಿದ ಅರಿಶಿನದ ಹಾಗೆ. ಮನುಷ್ಯರು ಕಾಣಲ್ಲ. ಇಳಿಯುವಾಗ ಪೂರ್ವದ ಬದಿಯಲ್ಲಿ ಒಂದು ಮರ, ಬೋರ್ಡು: ಮಿಂಗ್ ವಂಶದ ಕೊನೆಯ ದೊರೆ ಚೊಂಗ್‌ಝೆನ್ 1644ರಲ್ಲಿ ನೇಣು ಹಾಕಿಕೊಂಡ ಜಾಗ. ಗಂಡ ಕಳೆದುಹೋದ ದಿನ ನೋಡುವಂಥದ್ದಲ್ಲ, ಬಿಡಿ.

ಪರ್ಸಲ್ಲಿ ಹೋಟೆಲಿನ ಕಾರ್ಡ್ ಇತ್ತು, ಟ್ಯಾಕ್ಸಿ ಡ್ರೈವರಿಗೆ ಅದನ್ನ ತೋರಿಸಿ ನಾಲ್ಕು ಗಂಟೆಗೆ ಹೋಟೆಲು ಸೇರಿದೆ. ಇವರು ಬಂದಿದ್ದು ಐದೂವರೆಗೆ, ಅರಮನೆಯನ್ನ ಹೊರಗಿನಿಂದ ಇನ್ನೊಂದು ಸುತ್ತು ಹಾಕಿ. ಮುಖ ನೋಡಿ ಜಗಳ ಆಡೋ ಮನಸ್ಸೂ ಬರಲಿಲ್ಲ. ರಾತ್ರಿ ಫೋಟೋ ತೋರಿಸಿದರು. ಹಿಂದಿನ ಮಂಟಪದ ಮೆಟ್ಟಿಲ ಮಧ್ಯೆ ಡ್ರ್ಯಾಗನ್ ಕೆತ್ತಿದ ಒಂದೇ ಕಲ್ಲು, ಹದಿನಾರೂವರೆ ಮೀಟರ್ ಉದ್ದ, ಇನ್ನೂರು ಟನ್ನಿಗೂ ಜಾಸ್ತಿ. ಚಳಿಗಾಲದಲ್ಲಿ ದಾರಿಗೆ ಬಾವಿ ನೀರು ಸುರಿದು, ಅದು ಮಂಜುಗಟ್ಟಿದ ಮೇಲೆ ಜಾರಿಸಿ ತಂದಿದ್ದಂತೆ. ಫೋಟೋದಲ್ಲಿ ಕಲ್ಲಿಗಿಂತ ಮುಂದೆ ನಿಂತವರ ಟೋಪಿಗಳೇ ದೊಡ್ಡದಾಗಿದ್ದವು. ‘ಸರಿಯಾಗಿ ನೋಡಲೇ ಇಲ್ಲ ಕಣೇ, ನೀನು ಕಾಯ್ತಿದ್ದೀಯ ಅಂತ ಓಡಿಬಂದೆ’ ಅಂದರು. ಅಂದರೆ ಇಬ್ಬರೂ ನೋಡಲಿಲ್ಲ.

ಟೆಂಪಲ್ ಆಫ್ ಹೆವನ್ ಹೋಯ್ತು. ಮೊಳೆ ಇಲ್ಲದೆ ಕಟ್ಟಿದ ಗುಂಡು ಮಂದಿರ, 28 ಮರದ ಕಂಬ, ನಡುವಿನ ನಾಲ್ಕು ಋತುಗಳಿಗೆ, ಸುತ್ತಿನ ಹನ್ನೆರಡು ತಿಂಗಳುಗಳಿಗೆ ಅಂತ ಓದಿಕೊಂಡು ಹೋಗಿದ್ದೆಲ್ಲ ಪುಸ್ತಕದಲ್ಲೇ ಉಳೀತು. ಗೋಡೆಯಂತೂ ಕೇಳಲೇಬೇಡಿ. ಚೀನಾಕ್ಕೆ ಹೋಗಿ ಗೋಡೆ ನೋಡದೆ ಬಂದಳು ಅಂತ ನಮ್ಮತ್ತಿಗೆ ಇವತ್ತಿಗೂ ಎಲ್ಲರಿಗೂ ಹೇಳ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನ್ನಿಸುತ್ತೆ. ಯಾರು ಎಲ್ಲಿಗೆ ಅಂತ ಹಂಚಿಕೊಳ್ಳೋಕೆ ಅದು ಆಸ್ತಿ ಅಲ್ಲ. ಒಂದೇ ದಿನ ಅಂದ್ರೆ ಗೋಡೆ ಬಿಡಿ. ನಾವು ಹೋದ ವರ್ಷವೇ ಡಿಸೆಂಬರ್ 30ಕ್ಕೆ ಗೋಡೆ ಇರೋ ಬಾದಾಲಿಂಗ್‌ಗೆ ಹೈಸ್ಪೀಡ್ ರೈಲು ಶುರುವಾಗಿದೆ, ಆದರೂ ಅರ್ಧ ದಿನ ಅದೇ ತಿನ್ನುತ್ತೆ. ನಿಮ್ಮವರು ಗೋಡೆಯೇ ಬೇಕು ಅಂದರೆ ಅರಮನೆ ಬಿಟ್ಟು ಇಬ್ಬರೂ ಗೋಡೆಗೆ ಹೋಗಿ. ಯಾವುದಕ್ಕೂ ಜೊತೆಗೇ ಹೋಗಿ. ಅರಮನೆಗಾದರೆ ಸೋಮವಾರ ರಜೆ. ಟಿಕೆಟ್ ಈಗ ಏಳು ದಿನ ಮುಂಚೆ, ಅಲ್ಲಿನ ರಾತ್ರಿ ಎಂಟಕ್ಕೆ ಬಿಡ್ತಾರೆ, ನಮ್ಮ ಸಂಜೆ ಐದೂವರೆ. ತಿಯಾನನ್‌ಮೆನ್ ಚೌಕಕ್ಕೂ ಈಗ ಬೇರೆ ಬುಕಿಂಗ್ ಬೇಕು. ಇಬ್ಬರಿಗೂ ಬೇರೆ ಬೇರೆ ಸಿಮ್ ತಗೊಳ್ಳಿ, ಒಬ್ಬರ ನಂಬರ್ ಇನ್ನೊಬ್ಬರು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬುಕ್ ಮಾಡುವಾಗ ಮಂಚದಿಂದ ಎದ್ದು, ಬೀರು ತೆಗೆದು, ಪಾಸ್‌ಪೋರ್ಟ್ ಕೈಲಿ ಹಿಡಿದು, ಒಂದೊಂದೇ ಅಂಕಿ ನೋಡಿ ಹೊಡೀರಿ.

ನನಗೆ ಆ ಹಳೇ ನಂಬರ್ ಇವತ್ತಿಗೂ ಬಾಯಿಪಾಠ. ಹೊಸದು ಇನ್ನೂ ಬಂದಿಲ್ಲ.