ಉಣ್ಣಿ, ಜ್ವರ, ಮತ್ತೆ ಆ ಒಂದೇ ಸೂಜಿ

ಪ್ರಶ್ನೆ: ಡಾಕ್ಟರೇ, ನಾವು ಇಂಡಿ ಕಡೆಯವರು, ಈಗ ಪುಣೆ ಹತ್ತಿರ ವಾಘೋಲಿಯಲ್ಲಿದ್ದೇವೆ. ಮನೆ ಹಿಂದೆ ಒಂಬತ್ತು ಆಡು ಕಟ್ಟಿದ್ದೇವೆ. ತಿಂಗಳ ಹಿಂದೆ ಚಾಕಣ ಸಂತೆಯಿಂದ ಎರಡು ಉಸ್ಮಾನಾಬಾದಿ ಆಡು ತಂದೆವು. ಒಂದಕ್ಕೆ ಈಗ ಜ್ವರ, ಮೇವು ಬಿಟ್ಟಿದೆ, ಕಣ್ಣು ಬಿಳಿಚಿದೆ. ಕಿವಿ ತುಂಬ ಉಣ್ಣಿ ಇದ್ದವು. ಜಂತಿನ ಔಷಧಿ ಕುಡಿಸಿದೆವು, ಮೂರು ದಿನ ಪೆನ್ಸಿಲಿನ್ ಕೊಡಿಸಿದೆವು, ಗುಣ ಕಾಣಲಿಲ್ಲ. ನಿನ್ನೆ ಹಳೆಯ ಆಡೊಂದು ಕಂದು ಹಾಕಿತು. ಏನು ಮಾಡೋದು?

ಉತ್ತರ: ಅಮ್ಮಾ, ಮೊದಲು ಒಂದು ಕೆಲಸ. ಇನ್ನೊಂದು ಇಂಜೆಕ್ಷನ್ ಚುಚ್ಚಿಸುವ ಮುಂಚೆ ರಕ್ತ ನೋಡಿಸಿ. ಕಿವಿ ತುದಿಯ ಸಣ್ಣ ನರ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿ ಮೇಲೆ ತೆಳ್ಳಗೆ ಎಳೆದರೆ ಸಾಕು, ಐದು ನಿಮಿಷದ ಕೆಲಸ. ಔಷಧಿ ಒಳಗೆ ಹೋದ ಮೇಲೆ ರೋಗಾಣು ಸಿಗೋದು ಕಷ್ಟ.

ನೀವು ಬರೆದಿದ್ದನ್ನು ಓದಿದಾಗ ನನಗೆ ಮೊದಲು ಅನುಮಾನ ಬಂದಿದ್ದು ಅನಾಪ್ಲಾಸ್ಮಾ ಮೇಲೆ. ಇದು ಉಣ್ಣಿಯಿಂದ ಬರುವ ಬ್ಯಾಕ್ಟೀರಿಯಾ, ಕುರಿ ಆಡುಗಳಲ್ಲಿ ಕಾಣುವ ಜಾತಿಗೆ ಅನಾಪ್ಲಾಸ್ಮಾ ಓವಿಸ್ ಅಂತ ಹೆಸರು. ಇದು ಕೆಂಪು ರಕ್ತಕಣದ ಒಳಗೇ ಕೂತು ಬೆಳೆಯುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಗುಲಾಬಿ ಬಿಲ್ಲೆಗಳ ಅಂಚಿನಲ್ಲಿ ಕಡು ನೇರಳೆ ಚುಕ್ಕೆ ಕಾಣುತ್ತದೆ, ಹಣೆಯ ಬೊಟ್ಟು ಪಕ್ಕಕ್ಕೆ ಜಾರಿದ ಹಾಗೆ. ಇಂಥ ಕಣಗಳನ್ನು ಆಡಿನ ಮೈಯೇ ಹುಡುಕಿ ಒಡೆದು ಹಾಕುತ್ತದೆ. ಕಣ್ಣು ಬಿಳಿಚೋದು ಅದಕ್ಕೇ. ಜಂತು ಜಾಸ್ತಿಯಾದರೂ ಕಣ್ಣು ಬಿಳಿಚುತ್ತದೆ ನಿಜ, ಆದರೆ ಅದರಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಆಡಿನ ಮೈಬಿಸಿ 102ರಿಂದ 103 ಡಿಗ್ರಿ ಇರೋದು ಸಹಜ, 105 ದಾಟಿದರೆ ಜ್ವರ ಅಂತಲೇ ತಿಳಿಯಿರಿ. ಮೂತ್ರದ ಬಣ್ಣವನ್ನೂ ನೋಡಿ. ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಬಬೇಸಿಯಾ ಇರಬಹುದು, ಅದೂ ಉಣ್ಣಿಯಿಂದಲೇ ಬರೋದು, ಆದರೆ ಬ್ಯಾಕ್ಟೀರಿಯಾ ಅಲ್ಲ, ಅದರ ಔಷಧಿ ಬೇರೆ.

ಪೆನ್ಸಿಲಿನ್ ಇದರ ಮೇಲೆ ಕೆಲಸ ಮಾಡೋದಿಲ್ಲ. ಕೆಲಸ ಮಾಡೋದು ಆಕ್ಸಿಟೆಟ್ರಾಸೈಕ್ಲಿನ್. ಎಷ್ಟು, ಎಷ್ಟು ದಿನ ಅನ್ನೋದನ್ನು ಡಾಕ್ಟರು ಆಡಿನ ತೂಕ ನೋಡಿ ಹೇಳಲಿ, ಗಬ್ಬದ ಆಡಾದರೆ ಇನ್ನೂ ಯೋಚಿಸಿ ಕೊಡಬೇಕು. 1962ಕ್ಕೆ ಫೋನ್ ಮಾಡಿದರೆ ಸರ್ಕಾರಿ ಪಶುವೈದ್ಯ ಗಾಡಿ ಬರುತ್ತದೆ. ಸ್ಲೈಡನ್ನು ಔಂಧ್‌ನಲ್ಲಿರುವ ರೋಗ ತನಿಖಾ ವಿಭಾಗಕ್ಕೆ ಕಳಿಸಬಹುದು.

ಸಂತೆಯಿಂದ ಬಂದ ಆಡಿಗೇ ಯಾಕೆ ಹೀಗಾಯಿತು ಅಂದರೆ, ಈ ರೋಗಾಣು ಎಷ್ಟೋ ಆಡುಗಳಲ್ಲಿ ಸುಮ್ನೆ ಕೂತಿರುತ್ತದೆ. ಗಾಡಿ ಪ್ರಯಾಣ, ಬಿಸಿಲು, ಹೊಸ ಮೇವು ಎಲ್ಲ ಸೇರಿ ಪ್ರಾಣಿ ಸೊರಗಿದಾಗ ಏಳುತ್ತದೆ. ಗುಣವಾದ ಆಡಿನ ರಕ್ತದಲ್ಲೂ ಬಹುಕಾಲ ಉಳಿಯುತ್ತದೆ.

ಇಲ್ಲಿಗೇ ನನ್ನ ಮುಖ್ಯ ಪ್ರಶ್ನೆ. ಪೆನ್ಸಿಲಿನ್ ಹಾಕಿದ ಸೂಜಿಯಲ್ಲೇ ಬೇರೆ ಆಡುಗಳಿಗೂ ಚುಚ್ಚಿದರಾ? ಈ ರೋಗ ಹರಡೋಕೆ ಉಣ್ಣಿಯೇ ಬೇಕಂತಿಲ್ಲ, ಸೂಜಿಗೆ ಅಂಟಿದ ರಕ್ತ ಸಾಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಟ್ಟಿಯ ನಲವತ್ತು ಕುರಿಗಳಿಗೆ ಒಂದೇ ಸೂಜಿಯಲ್ಲಿ ಲಸಿಕೆ ಹಾಕಿ ಮುಗಿಸಿದ್ದೆ. ಸೂಜಿ ಬದಲಿಸಲ್ವಾ ಸಾಹೇಬ್ರೇ ಅಂತ ಆ ಹಟ್ಟಿಯ ಅಜ್ಜ ಕೇಳಿದ್ದರು, ಹೊತ್ತಾಯ್ತು ಅಂದಿದ್ದೆ. ತಿಂಗಳೊಳಗೆ ಆರು ಕುರಿಗಳ ಕಣ್ಣು ಬಿಳಿಚಿತು. ಸೂಜಿಯಿಂದಲೇ ಬಂತು ಅಂತ ಸಾಬೀತು ಮಾಡೋಕಾಗಲ್ಲ, ಆದರೆ ಅಜ್ಜನ ಮಾತು ಇವತ್ತಿಗೂ ಚುಚ್ಚುತ್ತದೆ. ಒಂದು ಆಡಿಗೆ ಒಂದು ಸೂಜಿ, ಡಾಕ್ಟರು ಬಂದಾಗ ನೀವೇ ಕೇಳಿ, ಸಂಕೋಚ ಬೇಡ. ಕಿವಿಗೆ ಬಿಲ್ಲೆ ಹಾಕುವ, ಬೀಜ ಒಡೆಯುವ ಸಲಕರಣೆಗಳನ್ನೂ ಪ್ರತಿ ಸಲ ತೊಳೆದು ಕುದಿಸಿ.

ಉಣ್ಣಿ ವಿಷಯಕ್ಕೆ ಬಂದರೆ, ಇಲ್ಲಿಯವರು ಗೋಚೀಡ ಅಂತಾರಲ್ಲ, ಅದೇ. ಆಡಿನ ಮೈಗೆ ಮಾತ್ರ ಔಷಧಿ ಹೊಡೆದರೆ ಅರ್ಧ ಕೆಲಸ. ರಕ್ತ ಕುಡಿದು ಹುಣಸೆ ಬೀಜದಷ್ಟಾದ ಹೆಣ್ಣು ಉಣ್ಣಿ ಕೆಳಗೆ ಬಿದ್ದು, ಗೋಡೆ ಬಿರುಕಿನಲ್ಲಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ, ಔಷಧಿಯನ್ನು ಡಾಕ್ಟರು ಹೇಳಿದ ಅಂತರದಲ್ಲಿ ಮತ್ತೆ ಹೊಡೆಯಿರಿ. ಹೊಸ ಆಡನ್ನು ಮೂರು ವಾರವಾದರೂ ಬೇರೆ ಕಟ್ಟಿ.

ಕಂದು ಹಾಕಿದ್ದಕ್ಕೆ ಬೇರೆ ಕಾರಣಗಳೂ ಇರಬಹುದು, ಬ್ರೂಸೆಲ್ಲಾ, ಕ್ಯೂ ಜ್ವರ ಇವೆಲ್ಲ ಮನುಷ್ಯರಿಗೂ ತಗಲುತ್ತವೆ. ಆ ಕಸವನ್ನು ಬರಿಗೈಲಿ ಮುಟ್ಟಬೇಡಿ, ಆಳವಾಗಿ ಹೂಳಿ. ಮನೆಯಲ್ಲಿ ಬಸುರಿಯರಿದ್ದರೆ ದೂರ ಇರಲಿ. ಹಾಲು ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ನಾವು ಭಟ್ಕಳದವರು, ಮುಂಬ್ರಾದಲ್ಲಿದ್ದೇವೆ. ಬಕ್ರೀದ್‌ಗೆ ದೇವನಾರದಿಂದ ತಂದ ಹೋತದ ಮೈಮೇಲೆ ಉಣ್ಣಿ ಇತ್ತು. ಮಗಳು ಕೈಯಿಂದ ಕಿತ್ತು ಉಗುರಲ್ಲಿ ಒಡೆದಳು. ಭಯ ಇದೆಯಾ? ಮಾಂಸ ತಿನ್ನಬಹುದಾ?

ಉತ್ತರ: ಉಗುರಲ್ಲಿ ಒಡೆಯೋದು ಬೇಡವೇ ಬೇಡ. ಅನಾಪ್ಲಾಸ್ಮಾ ಓವಿಸ್‌ಗಿಂತ ನನಗೆ ಬೇರೆ ಚಿಂತೆ. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿದ ಕ್ರಿಮಿಯನ್ ಕಾಂಗೋ ಜ್ವರ ಉಣ್ಣಿಯಿಂದಲೂ, ಪ್ರಾಣಿಯ ರಕ್ತದಿಂದಲೂ ಬರುವಂಥದ್ದು. ಮಗಳಿಗೆ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಉಣ್ಣಿ ವಿಷಯ ಮರೆಯದೆ ಹೇಳಿ. ಮುಂದೆ ಕೈಗವಸು ಹಾಕಿಕೊಂಡು, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಹೋತ ಚುರುಕಾಗಿದ್ದು ಮೆಲುಕು ಹಾಕುತ್ತಿದ್ದರೆ ಸರಿ, ಕೊಯ್ಯುವಾಗಲೂ ಕೈಗವಸು ಇರಲಿ, ಮಾಂಸ ಚೆನ್ನಾಗಿ ಬೇಯಿಸಿ. ಜ್ವರ ಇರುವ ಹೋತ ಕುರ್ಬಾನಿಗೂ ಸಲ್ಲದು ಅಲ್ವಾ. ಇಂಜೆಕ್ಷನ್ ಹಾಕಿಸಿದ್ದರೆ ಸೀಸೆ ಮೇಲೆ ಬರೆದಷ್ಟು ದಿನ ಕಳೆಯದೆ ಕೊಯ್ಯಬೇಡಿ.

ಪ್ರಶ್ನೆ: ಗೋವಾದ ಸತ್ತರಿಯಲ್ಲಿದ್ದೇವೆ. ಕಾಡಿಗೆ ಮೇಯೋಕೆ ಹೋದ ಆಡುಗಳಿಂದ ಮಂಗನ ಕಾಯಿಲೆ ಬರುತ್ತದಾ?

ಉತ್ತರ: ಮಂಗನ ಕಾಯಿಲೆ ಬೇರೆಯೇ. ಅದು ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು, 2015ರಲ್ಲಿ ನಿಮ್ಮ ಸತ್ತರಿಯಲ್ಲೂ ಜನರಿಗೆ ಬಂತು. ಆಡಿನಿಂದ ನೇರ ಬರೋದಿಲ್ಲ, ಕಾಡಿನ ಉಣ್ಣಿ ಕಚ್ಚಿದರೆ ಬರುತ್ತದೆ, ಆ ಉಣ್ಣಿ ಆಡಿನ ಮೈಮೇಲೆ ನಿಮ್ಮ ಅಂಗಳಕ್ಕೆ ಬರಬಹುದು. ಡಿಸೆಂಬರಿನಿಂದ ಮೇ ತನಕ ಜಾಸ್ತಿ ಎಚ್ಚರ ಇರಲಿ. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಕಡೆ ಆಡುಗಳನ್ನೂ ಬಿಡಬೇಡಿ.