ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಡುವೆ ಝರಗೋಝಾದಲ್ಲಿ ಇಳಿದುಬಿಡಿ

ಅಪ್ಪ ಅಮ್ಮನ ಜೊತೆ ಸ್ಪೇನಿನಲ್ಲಿ ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಗೆ ರೈಲಿನಲ್ಲಿ ಹೋಗುತ್ತಿದ್ದೀರಿ, ಪ್ರವಾಸಿಗರ ನೂಕುನುಗ್ಗಲು ಇಲ್ಲದ ಒಂದು ಊರನ್ನೂ ನೋಡಬೇಕು, ಸಸ್ಯಾಹಾರ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಹೇಳೋದು ಝರಗೋಝಾ. ಅದಕ್ಕಾಗಿ ದಾರಿ ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ, ನಿಮ್ಮ ರೈಲಿನ ದಾರಿಯಲ್ಲೇ ಇದೆ. ವೇಗದ ರೈಲಿನಲ್ಲಿ ಮ್ಯಾಡ್ರಿಡ್‌ನಿಂದ ಒಂದೂಕಾಲು ಗಂಟೆ, ಅಲ್ಲಿಂದ ಬಾರ್ಸಿಲೋನಾಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ. ಆದರೂ ಬಹಳಷ್ಟು ಪ್ರವಾಸಿಗರು ಇಲ್ಲಿ ಇಳಿಯುವುದೇ ಇಲ್ಲ.

ಹಾಗಂತ ಇದು ಪುಟ್ಟ ಊರಲ್ಲ. 6.5 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ, ಸಂಜೆಯಾದರೆ ಬೀದಿಗಳು ತುಂಬಿರುತ್ತವೆ. ಆದರೆ ಆ ಜನ ಹೆಚ್ಚಿನವರು ಊರಿನವರೇ. ನನಗೆ ಇಷ್ಟವಾಗಿದ್ದು ಅದೇ. ಹಳೇ ಊರು ಸಮತಟ್ಟಾಗಿದೆ, ವಯಸ್ಸಾದವರಿಗೆ ಏರು ಹತ್ತುವ ಕಷ್ಟ ಇಲ್ಲ.

ಎಬ್ರೋ ನದಿ ದಂಡೆಯ ಪಿಲಾರ್ ಬೆಸಿಲಿಕಾ ಎಂಬ ದೊಡ್ಡ ಚರ್ಚು ಹೇಗೂ ಕಣ್ಣಿಗೆ ಬೀಳುತ್ತದೆ. ಒಳಗೆ ಹೋದಾಗ ತಲೆ ಎತ್ತಿ ನೋಡಿ, ಅಲ್ಲಿನ ಚಾವಣಿಯ ಕೆಲವು ಚಿತ್ರಗಳು ಸ್ಪೇನಿನ ಹೆಸರಾಂತ ಚಿತ್ರಕಾರ ಗೋಯಾ ಬರೆದವು. 1746ರಲ್ಲಿ ಹುಟ್ಟಿದ ಆತನ ಹುಟ್ಟೂರು ಇಲ್ಲಿಗೆ ಹತ್ತಿರದ ಫುಯೆಂದೆತೋದೋಸ್. ಇನ್ನು, ಒಂದು ಕಂಬದ ಮೇಲೆ ಎರಡು ಬಾಂಬ್ ತೂಗುಹಾಕಿದ್ದಾರೆ. 1936ರ ಅಂತರ್ಯುದ್ಧದಲ್ಲಿ ಈ ಚರ್ಚಿನ ಮೇಲೆ ಬಿದ್ದು ಸಿಡಿಯದೇ ಉಳಿದವು.

ಬೆಸಿಲಿಕಾ ಮುಂದಿನ ಚೌಕದ ತುದಿಯಲ್ಲಿ ಲಾ ಸೇಯೋ ಎಂಬ ಹಳೇ ಕೆಥೆಡ್ರಲ್ ಇದೆ. ಸೀದಾ ಬಾಗಿಲಿಗೆ ಹೋಗಬೇಡಿ. ಪಕ್ಕದ ಓಣಿಗೆ ತಿರುಗಿ ಅದರ ಹೊರಗೋಡೆ ನೋಡಿ. ಬರೀ ಇಟ್ಟಿಗೆ ಮತ್ತು ಬಣ್ಣದ ಹೆಂಚಿನ ಬಿಲ್ಲೆ. ಇಟ್ಟಿಗೆಯನ್ನೇ ಒಳಗೆ ಹೊರಗೆ ಜೋಡಿಸಿ ಹೆಣೆದ ಹಾಗೆ ವಿನ್ಯಾಸ ತೆಗೆದಿದ್ದಾರೆ, ಸಂದಿಗಳಲ್ಲಿ ನೀಲಿ, ಹಸಿರು, ಬಿಳಿ ಬಿಲ್ಲೆಗಳು. ಹದಿನಾಲ್ಕನೇ ಶತಮಾನದ ಕೆಲಸ. 1118ರಲ್ಲಿ ಊರು ಕ್ರೈಸ್ತ ರಾಜನ ಕೈಗೆ ಬಂದ ಮೇಲೂ ಮುಸ್ಲಿಮರು ಇಲ್ಲಿ ಉಳಿದರು. ಅವರ ಕಸುಬಿನಿಂದ ಬೆಳೆದ ಈ ಶೈಲಿಗೆ ಮುದೇಹರ್ ಅನ್ನುತ್ತಾರೆ. ಚರ್ಚಿನ ಗೋಡೆಯ ಮೇಲೆ ಮಸೀದಿಯ ಕುಸುರಿ! ನೋಡಲು ಟಿಕೆಟ್ ಕೂಡ ಬೇಡ.

ಇದರ ಬೇರು ನೋಡಬೇಕೆಂದರೆ ಅಲ್‌ಹಫೇರಿಯಾ ಅರಮನೆಗೆ ಹೋಗಿ. ಹನ್ನೊಂದನೇ ಶತಮಾನದಲ್ಲಿ ಇಲ್ಲಿನ ಮುಸ್ಲಿಂ ಅರಸ ಕಟ್ಟಿಸಿದ್ದು. ಹೊರಗಿನಿಂದ ಬರೀ ಕೋಟೆ, ಒಳಗೆ ಕಾಲಿಟ್ಟರೆ ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳು, ಅಂಗಳದಲ್ಲಿ ಗಿಡಗಳು. ಆಮೇಲೆ ಬಂದ ಕ್ರೈಸ್ತ ರಾಜರೂ ಇಲ್ಲೇ ಇದ್ದರು. ಅವರ ದರ್ಬಾರು ಕೋಣೆಯ ಮರದ ಚಾವಣಿಯನ್ನು ತಪ್ಪದೇ ನೋಡಿ. ಗ್ರಾನಡಾ ಊರಿನ ಅಲ್ಹಾಂಬ್ರಾ ಅರಮನೆಯಲ್ಲಿ ಟಿಕೆಟ್‌ಗೆ ಪರದಾಡಬೇಕು, ಇಲ್ಲಿ ನಿಧಾನವಾಗಿ ನಿಂತು ನೋಡಬಹುದು. ಈಗ ಇದೇ ಕಟ್ಟಡದಲ್ಲಿ ಅರಗಾನ್ ಪ್ರಾಂತ್ಯದ ಶಾಸನಸಭೆ ನಡೆಯುವುದರಿಂದ ಯಾವ ದಿನ, ಯಾವ ಹೊತ್ತು ಒಳಗೆ ಬಿಡುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ.

ಊಟದ ವಿಷಯ. ಎಲ್ ಟೂಬೋ ಅನ್ನುವ ಇಕ್ಕಟ್ಟಾದ ಓಣಿಗಳ ತುಂಬಾ ತಪಾಸ್, ಅಂದರೆ ಸಣ್ಣ ತಟ್ಟೆಯ ತಿಂಡಿ ಕೊಡುವ ಅಂಗಡಿಗಳು. ಅಲ್ಲಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಸುಟ್ಟ ಅಣಬೆ ಹೆಸರುವಾಸಿ. ಅದರ ಮೇಲೆ ಸಿಗಡಿ ಇಡುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಬೊರಾಹಾ ಅನ್ನೋ ಸೊಪ್ಪಿನ ದಂಟನ್ನು ಆಲೂಗಡ್ಡೆ ಜೊತೆ ಬೇಯಿಸಿ ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ನಮ್ಮ ನಾಲಿಗೆಗೆ ಖಾರ ಸಾಲದು, ಆದರೆ ಹೊಟ್ಟೆಗೆ ಹಿತ. ಅಪ್ಪ ಅಮ್ಮನಿಗೆ ಖಂಡಿತಾ ಒಗ್ಗುತ್ತೆ. ರಾತ್ರಿ ಊಟ ಶುರುವಾಗೋದೇ ಎಂಟೂವರೆ ಒಂಬತ್ತಕ್ಕೆ, ಹಿರಿಯರಿಗೆ ಸಂಜೆ ಏನಾದರೂ ತಿನ್ನಿಸಿಬಿಡಿ.

ಅಕ್ಟೋಬರ್ 12ರ ಆಸುಪಾಸು ಹೋಗಬೇಡಿ. ಆಗ ಪಿಲಾರ್ ಹಬ್ಬ, ರೂಮ್ ಸಿಗೋದೇ ಕಷ್ಟ. ಚಳಿಗಾಲದಲ್ಲಿ ಎಬ್ರೋ ಕಣಿವೆಯಲ್ಲಿ ಸಿಯೆರ್ಝೋ ಅನ್ನೋ ಒಣ ಗಾಳಿ ಕಿವಿ ಕೊರೆಯುತ್ತೆ, ಅಮ್ಮನಿಗೆ ಒಂದು ಮಫ್ಲರ್ ಇಟ್ಟುಕೊಳ್ಳಿ. ಏಪ್ರಿಲ್, ಮೇ ಆದರೆ ಒಳ್ಳೇದು. ಟಿಕೆಟ್ ಮಾತ್ರ ಎರಡು ಭಾಗ ಮಾಡಿ ತೆಗೆಯಿರಿ: ಮ್ಯಾಡ್ರಿಡ್‌ನಿಂದ ಝರಗೋಝಾ, ಮತ್ತೆ ಝರಗೋಝಾದಿಂದ ಬಾರ್ಸಿಲೋನಾ. ಆ ರೈಲುಗಳಲ್ಲಿ ಹೊತ್ತು, ಸೀಟು ಎರಡೂ ಗೊತ್ತುಮಾಡಿರುತ್ತಾರೆ, ಮಧ್ಯೆ ಇಳಿದು ಅದೇ ಟಿಕೆಟ್‌ನಲ್ಲಿ ಮರುದಿನ ಹತ್ತಲು ಆಗಲ್ಲ.